ಎದುರುಗಾಳಿಯಲ್ಲಿ ನಾದಿನಿ

ಸೈಕಲ್ ತುಳಿಯುವವರಿಗೆ ಏರಿಗಿಂತ ಗಾಳಿಯ ಮೇಲೆ ಸಿಟ್ಟು ಜಾಸ್ತಿ. ಏರು ಕಣ್ಣಿಗೆ ಕಾಣುತ್ತದೆ, ಆಚೆ ಒಂದು ಇಳಿಜಾರು ಇದ್ದೀತೆಂಬ ಆಸೆಯಾದರೂ ಇರುತ್ತದೆ. ಎದುರುಗಾಳಿಗೆ ಅದೂ ಇಲ್ಲ. ವಾಯುದೇವರ ಮಕ್ಕಳು ಹನುಮಂತ ಮತ್ತು ಭೀಮ. ಇಬ್ಬರೂ ತಾಳ್ಮೆಗೆ ಹೆಸರಾದವರಲ್ಲ. ಅವರ ತಂದೆ ಹೇಗಿರಬಹುದೆಂದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ, ಸಾಗರದಿಂದ ತೀರ್ಥಹಳ್ಳಿಗೆ ಗುಂಪಿನಲ್ಲಿ ಸೈಕಲ್ ಪ್ರವಾಸ ಹೊರಟ ದಿನ.

ಪ್ರವಾಸಕ್ಕೆ ಹೆಸರು ಕೊಟ್ಟದ್ದು ನಾನಲ್ಲ, ನನ್ನ ಗಂಡ. ನನ್ನ ಹೆಸರಿನ ಜೊತೆಗೆ ತಮ್ಮ ತಂಗಿ ಸುಮಾಳ ಹೆಸರನ್ನೂ ಕೊಟ್ಟು, ತಮಗೆ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದರು. ನಾನೂ ಸುಮಾಳೂ ಮಾತು ಬಿಟ್ಟು ವರ್ಷವಾಗಿತ್ತು. ಒಂದು ಗೃಹಪ್ರವೇಶದ ಊಟದಲ್ಲಿ ನಾನು ಮಾಡಿದ ಹಲಸಿನ ಹಪ್ಪಳವನ್ನು ಎತ್ತಿ ಹಿಡಿದು, “ಅತ್ತಿಗೆ, ಇದು ಹಪ್ಪಳವಾ, ಚಪ್ಪಲಿಯಾ?” ಎಂದು ಇಡೀ ಪಂಕ್ತಿಗೆ ಕೇಳುವಂತೆ ನಕ್ಕಿದ್ದಳು. ಹಪ್ಪಳ ಮುರಿಯಲಿಲ್ಲ, ಮಾತು ಮುರಿಯಿತು.

ಬಟ್ಟೆಮಲ್ಲಪ್ಪ ದಾಟುವವರೆಗೂ ನಾನು ಗುಂಪಿನ ಒಂದು ತುದಿ, ಅವಳು ಇನ್ನೊಂದು ತುದಿ. ಅಷ್ಟರಲ್ಲಿ ಚಳಿಗಾಲದ ಒಣಗಾಳಿ ಎದ್ದಿತು. ರಸ್ತೆಬದಿಯಲ್ಲಿ ನಡೆಯುತ್ತಿದ್ದ ಎಮ್ಮೆಯೊಂದು ನನ್ನನ್ನು ಸಾವಕಾಶವಾಗಿ ಹಿಂದೆ ಹಾಕಿತು. ಹೊಸನಗರದಲ್ಲಿ ಚಹಾಕ್ಕೆ ನಿಂತಾಗ, ಇನ್ನು ಬಸ್ಸು ಹತ್ತಿ ಮನೆಗೆ ಹೋಗುವುದೇ ಸರಿ ಎಂದುಕೊಂಡೆ.

ಗುಂಪಿನ ಮುಂದಾಳು ನಿವೃತ್ತ ಪಿ.ಟಿ. ಮೇಷ್ಟ್ರು. “ಒಬ್ಬೊಬ್ರೇ ಹೋದ್ರೆ ಗಾಳಿ ತಿಂದು ಹಾಕತ್ತೆ. ಜೋಡಿ ಮಾಡ್ಕಳಿ. ಮುಂದಿದ್ದವ್ರು ಗಾಳಿ ತಡೀಬೇಕು, ಹಿಂದಿದ್ದವ್ರು ಅಂಟ್ಕಂಡು ಬರ್ಬೇಕು. ಆಮೇಲೆ ಅದಲುಬದಲು,” ಎಂದವರು ನಮ್ಮಿಬ್ಬರ ಕಡೆ ತಿರುಗಿ, “ನೀವು ಹೆಂಗೂ ಒಂದೇ ಮನೆಯವ್ರು, ಒಟ್ಟಿಗೆ ಬನ್ನಿ,” ಎಂದರು. ಒಂದೇ ಮನೆಯವರಾದದ್ದೇ ತೊಂದರೆ ಎಂದು ಹೇಳುವುದು ಹೇಗೆ?

ಸುಮಾ ಸೈಕಲ್ ಹತ್ತಿ ಮುಂದೆ ಹೊರಟಳು. ನಾನು ಬಸ್ಸು ಹತ್ತಿದರೆ ಅವಳೇ ಗೆದ್ದಂತೆ. ಹಿಂದೆ ಹೊರಟೆ. ನೋಡುತ್ತೇನೆ, ಅವಳ ಬೆನ್ನ ಹಿಂದೆ ಗಾಳಿಯೇ ಇಲ್ಲ! ನಾದಿನಿಯ ಮೈಕಟ್ಟಿನ ಬಗ್ಗೆ ಈವರೆಗೆ ಆಡಿಕೊಂಡದ್ದನ್ನೆಲ್ಲ ಅಲ್ಲೇ ವಾಪಸು ತೆಗೆದುಕೊಂಡೆ.

“ಹೊಂಡ!” ಎಂದು ಕೂಗಿದಳು.

ವರ್ಷದ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು. ನನ್ನ ಸರದಿ ಬಂದಾಗ ನಾನೂ ಕೂಗಿದೆ. “ಹ್ಞಾಂ, ಕಂಡೆ,” ಎಂದಳು. ನಮ್ಮ ರಸ್ತೆಗಳಲ್ಲಿ ಮಾತಿಗೆ ವಿಷಯದ ಬರವಿಲ್ಲ. ಹೊಂಡದಿಂದ ಅಡ್ಡಬಂದ ಕರುವಿಗೆ, ಕರುವಿನಿಂದ ಅವಳ ಮಗಳ ಪರೀಕ್ಷೆಗೆ ಬಂದೆವು. ಅಷ್ಟರಲ್ಲಿ ಒಂದು ತಿರುವಿನಲ್ಲಿ ಗಾಳಿ ನನ್ನನ್ನು ಸೈಕಲ್ ಸಮೇತ ಎತ್ತಿ ಚರಂಡಿಗೆ ಹಾಕಿತು.

ಸುಮಾ ಸೈಕಲ್ ಬಿಸಾಕಿ ಓಡಿಬಂದಳು. “ಅತ್ತಿಗೆ! ಪೆಟ್ಟಾಯ್ತಾ? ಮಾತಾಡಿ ಅತ್ತಿಗೆ!”

“ನೀನು ಮಾತು ಬಿಟ್ಟ ಮೇಲಲ್ವನೇ ನಾನು ಬಿಟ್ಟಿದ್ದು,” ಎಂದೆ.

ಅವಳು ನನ್ನನ್ನು ಎಬ್ಬಿಸಿ ಕೂರಿಸಿದಳು. ಆಮೇಲೆ ನನ್ನ ತಲೆಗೆ ಅಂಟಿದ ತರಗೆಲೆ ತೆಗೆಯುತ್ತ ನಗತೊಡಗಿದಳು. ಅವಳ ಕಣ್ಣಲ್ಲಿ ನೀರಿತ್ತು. ಗಾಳಿಗೆ ಎಂದಳು. ನನಗೂ ಗಾಳಿಗೇ ಬಂದಿತ್ತು.

ಸಂಜೆ ತೀರ್ಥಹಳ್ಳಿಯಲ್ಲಿ ಮೇಷ್ಟ್ರು ಸಂತೋಷದ ಸುದ್ದಿ ಕೊಟ್ಟರು. ನಾಳೆ ಆಗುಂಬೆ ಕಡೆಗೆ ಹೋಗುವಾಗ ಗಾಳಿ ಬೆನ್ನಿಗೆ, ಜೋಡಿ ಬೇಕಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಯಾಕೋ ಪೆಚ್ಚೆನಿಸಿತು.

ಸುಮಾ ಕಾಫಿ ಲೋಟ ಕೆಳಗಿಟ್ಟಳು. “ನಾಳೆ ನಾವು ಪಕ್ಕಪಕ್ಕ ಹೋಗಣ ಅತ್ತಿಗೆ. ಹಿಂದೆ ಮುಂದೆ ಆದ್ರೆ ಕೂಗಿ ಕೂಗಿ ಗಂಟ್ಲು ನೋವು.”

“ರಸ್ತೆ ಸಣ್ಣದು ಕಣೇ. ಬಸ್ಸು ಬಂದ್ರೆ?”

“ನಾನು ಹಿಂದೆ ಸರೀತೀನಿ.”

“ನೀನ್ಯಾಕೆ, ನಾನು ಸರೀತೀನಿ.”

ಯಾರು ಸರಿಯಬೇಕೆಂಬ ವಾದ ಕಾಫಿ ತಣ್ಣಗಾದರೂ ಮುಗಿಯಲಿಲ್ಲ. ಮಾತು ಬಿಟ್ಟವರಿಗೆ ಜಗಳವಾಡುವ ಸುಖವೂ ಇರುವುದಿಲ್ಲ ನೋಡಿ.