ವೇಪ್‌ಗೂ ಒಂದು ಆಯುಧಪೂಜೆ

"ಎಂತ ಬೇಕಿತ್ತು ಆಂಟಿ?"

ಅಮೆರಿಕದ ಹಿಲ್‌ಸೈಡ್ ಅವೆನ್ಯೂವಿನ ವೇಪ್ ಅಂಗಡಿಯಲ್ಲಿ, ಅಂದರೆ ಬ್ಯಾಟರಿ ಸಿಗರೇಟಿನ ಅಂಗಡಿಯಲ್ಲಿ, ಮಂಗಳೂರು ಕನ್ನಡ ಕೇಳಿಸಿದರೆ ನೀವೇನು ಮಾಡುತ್ತೀರಿ? ನಾನಂತೂ ಯಜಮಾನರ ಬೆನ್ನ ಹಿಂದೆ ಸರಿದೆ. ನಾವಿಬ್ಬರೂ ಗುಸುಗುಸು ಮಾತಾಡಿಕೊಂಡದ್ದು ಕೌಂಟರಿನಲ್ಲಿದ್ದವನಿಗೆ ಕೇಳಿಸಿಬಿಟ್ಟಿತ್ತು. (ಊರ ಕಡೆಯವರು ದೇವಸ್ಥಾನದ ಕ್ಯಾಂಟೀನಿನಲ್ಲಿ ಸಿಗಲಿ, ಇಲ್ಲೇಕೆ?)

ಅಪಾರ್ಥ ಬೇಡ. ವೇಪ್ ಬೇಕಿದ್ದದ್ದು ಯಜಮಾನರಿಗೆ. ಎದೆಯಲ್ಲಿ ಗೊರಗೊರ ಶುರುವಾಗಿ, ಸಿಗರೇಟು ಬಿಡಲೇಬೇಕು ಎಂದು ಡಾಕ್ಟರ್ ಗದರಿದ್ದರು. ನಿಕೋಟಿನ್ ಗಮ್ ಅಗಿದಾಯಿತು, ಪ್ಯಾಚ್ ಅಂಟಿಸಿದ್ದಾಯಿತು. ಕೊನೆಗೆ ಇದು. "ಸಿಗರೇಟು ಮುಟ್ಟಬಾರದು, ಆಮೇಲೆ ಇದನ್ನೂ ಬಿಡಬೇಕು" ಎಂದು ಮಾತು ತೆಗೆದುಕೊಂಡೇ ಹೊರಟಿದ್ದೆ. ಬಜೆಟ್ ನಲವತ್ತು ಡಾಲರ್. ಬಿಡಬೇಕಾದ ಚಟಕ್ಕೆ ಯಾರಾದರೂ ಅದಕ್ಕಿಂತ ಹೆಚ್ಚು ಸುರಿಯುತ್ತಾರೆಯೇ?

ಅಂಗಡಿಯವನು ಎಲ್ಲಕ್ಕಿಂತ ಅಗ್ಗದ್ದನ್ನು ತೋರಿಸಿದ. ಯಜಮಾನರ ಮುಖ ಅರಳಿತು. ನಾನು ಬಿಡುತ್ತೇನೆಯೇ? ಅದರೊಳಗೆ ಕೂರಿಸುವ ಲಿಕ್ವಿಡ್ ಡಬ್ಬಿ, ಅದೇ ಪಾಡ್, ಎಷ್ಟು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂದು ಕೇಳಿದೆ. ನಾನು ಅಂದುಕೊಂಡಂತೆಯೇ ಇತ್ತು. ನಮ್ಮ ಮನೆಯ ಪ್ರಿಂಟರ್ ಕಥೆ! ಮಷಿನ್ ಅಗ್ಗ, ಇಂಕಿಗೆ ಸುಲಿಗೆ. ಕೊನೆಗೆ ಲಿಕ್ವಿಡ್ ತುಂಬಿಸಿಕೊಳ್ಳುವ ಸಣ್ಣ ಸ್ಟಾರ್ಟರ್ ಕಿಟ್ ಹಿಡಿದು ಚೌಕಾಸಿಗೆ ನಿಂತೆ.

"ಡಿಸ್ಕೌಂಟ್ ಇಲ್ಲ ಆಂಟಿ, ಬೇಕಾದ್ರೆ ಒಂದು ಚಾರ್ಜರ್ ಕೇಬಲ್ ಫ್ರೀ ಕೊಡ್ತೇನೆ ಮಾರಾಯ್ರೆ."

ಆ ಫ್ರೀ ಕೇಬಲ್ಲೇ ಮುಳುವಾಯಿತು. ಶನಿವಾರ ಬೆಳಗ್ಗೆ ಯಜಮಾನರು ವೇಪನ್ನು ಲ್ಯಾಪ್‌ಟಾಪಿನ ಪಕ್ಕ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದರು. ಅಂದು ನಮ್ಮನೆಯಲ್ಲಿ ಆಯುಧಪೂಜೆ. (ಅಮೆರಿಕದಲ್ಲಿ ಹಬ್ಬಗಳೂ ವೀಕೆಂಡಿಗೇ ಬರುತ್ತವೆ.) ಮೈಸೂರಿನಿಂದ ಬಂದಿರುವ ನಮ್ಮತ್ತೆ ಲ್ಯಾಪ್‌ಟಾಪ್, ಮಿಕ್ಸಿ, ಕಾರಿನ ಕೀ ಎಲ್ಲ ಸಾಲಾಗಿ ಜೋಡಿಸಿ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದ್ದರು. ಮಧ್ಯದಲ್ಲಿ ವೇಪ್! ಅದಕ್ಕೂ ಕುಂಕುಮ, ಅದಕ್ಕೂ ಹೂವು.

"ಪೂಜೆಗಿಟ್ಟಿದ್ದನ್ನ ನಾಳೆ ಬೆಳಗ್ಗೆವರೆಗೂ ಯಾರೂ ಮುಟ್ಟೋ ಹಾಗಿಲ್ಲ" ಎಂದರು ಅತ್ತೆ.

ಐವತ್ತು ದಾಟಿದರೂ ಅಮ್ಮನಿಗೆ ಹೆದರಿ, ಕಸ ಹಾಕುವ ನೆಪದಲ್ಲಿ ಗರಾಜಿನ ಹಿಂದೆ ಸೇದುವ ಮಗ ಬಾಯಿ ಬಿಡುವುದುಂಟೇ? ಮಂಗಳಾರತಿ ತೆಗೆದುಕೊಂಡು ಪ್ರಸಾದಕ್ಕೆ ಕೈಯೊಡ್ಡಿದರು. ಮಧ್ಯಾಹ್ನಕ್ಕೆ ಸಿಡಿಮಿಡಿ. ಸಂಜೆ ಜಾಕೆಟ್ ಏರಿಸಿ, "ಹಾಲು ತರ್ತೀನಿ ಕಣೇ" ಎಂದು ನಡೆದೇ ಹೊರಟರು. ಫ್ರಿಜ್ಜಿನಲ್ಲಿ ಒಂದು ಗ್ಯಾಲನ್ ಹಾಲಿತ್ತು. ಮೂಲೆಯ ಅಂಗಡಿಯಲ್ಲಿ ಹಾಲಿನಷ್ಟೇ ಸಲೀಸಾಗಿ ಸಿಗರೇಟೂ ಸಿಗುತ್ತದೆ. ಎಲ್ಲ ಮುಗಿಯಿತು ಎಂದುಕೊಂಡೆ. ನಿಜ ಹೇಳುತ್ತೇನೆ, ಅಳು ಬಂದಿತ್ತು.

ವಾಪಸು ಬಂದವರನ್ನು ಬಾಗಿಲಲ್ಲೇ ತಡೆದು ಮೂಸಿದೆ. ಕೈಯಲ್ಲಿ ಹಾಲಿನ ಕ್ಯಾನ್. ಜಾಕೆಟ್ಟಿನಲ್ಲಿ ಬರೀ ಚಳಿಯ ವಾಸನೆ. "ಕೌಂಟರ್‌ವರೆಗೂ ಹೋದೆ, ಕೇಳಲಿಲ್ಲ" ಎಂದರು. ಅಷ್ಟು ಖುಷಿ ನನಗೆ ಇತ್ತೀಚೆಗೆ ಆಗಿರಲಿಲ್ಲ.

ಮರುದಿನ ಅತ್ತೆ ಪೂಜೆಯ ಸಾಮಾನನ್ನೆಲ್ಲ ಹಿಂದಿರುಗಿಸಿದರು. ಕೊನೆಗೆ ವೇಪ್ ಕೈಗೆತ್ತಿಕೊಂಡು, "ತಗೋ. ಸಿಗರೇಟು ಬಿಡಿಸೋ ಮಷಿನ್ ತಾನೇ ಇದು? ನಿನ್ನ ಷರಟಿನ ವಾಸನೆ ನಂಗೆ ಕಾಲೇಜಿನ ದಿನದಿಂದ್ಲೂ ಗೊತ್ತು ಕಣೋ. ಗೊತ್ತಿದ್ದೇ ಇಟ್ಟೆ. ಅದಾದ್ರೂ ಬಿಡಿಸ್ಲಿ ಅಂತ" ಎಂದರು.

ಯಜಮಾನರ ಮುಖ ಕುಂಕುಮದಷ್ಟೇ ಕೆಂಪಾಯಿತು. ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡು, "ಇನ್ನೊಂದು ದಿನ ಪೂಜೇಲೇ ಇರ್ಲಿ ಬಿಡಮ್ಮ" ಎಂದರು.

ಚಟ ಬಿಡಿಸಲು ಒಂದು ಚಿಟಿಕೆ ಕುಂಕುಮ, ಒಂದು ಸೇವಂತಿಗೆ. ಹೇಳಿ, ಇದಕ್ಕಿಂತ ಅಗ್ಗದ ಸ್ಟಾರ್ಟರ್ ಕಿಟ್ ಯಾವ ಅಂಗಡಿಯಲ್ಲಿ ಸಿಕ್ಕೀತು?