ಒಂದೇ ಲೂಪ್ ಉಳಿಸಿದವರು

ರಾಯಚೂರಿನ ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ನನಗೆ ‘ಗೋ’ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿದ ಮೇಡಂ ಮಾನ್ವಿ ಕಡೆಯವರು. ಒಮ್ಮೆ ಬರೆದ ಲೂಪನ್ನೇ, ಅಂದರೆ ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಓದಿಸುವ ಭಾಗವನ್ನೇ, ನಾನು ಮತ್ತೆ ನಕಲು ಮಾಡುವುದು ಕಂಡರೆ ಪೆನ್ನಿನಿಂದ ಮೇಜು ಕುಟ್ಟಿ, "ಎಷ್ಟು ಸಲ ಅದೇ ದಾರಿ ತುಳೀತಿ, ತಮ್ಮಾ?" ಎನ್ನುತ್ತಿದ್ದರು.

ಒಮ್ಮೆ ಮಲ್ಲಟ ಊರಿನ ಮಣ್ಣಿನ ಸರಾಸರಿ ತೆಗೆಯಲು, ಒಂದು ಮಾದರಿಯ ಅಂಕಿಗಳನ್ನೆಲ್ಲ ಒಟ್ಟಿಗೆ ಇಡುವ ಸ್ಟ್ರಕ್ಟ್‌ನ ರಂಜಕ, ಪೊಟ್ಯಾಷ್ ಮುಂತಾದ ಆರು ಫೀಲ್ಡುಗಳಿಗೆ ಆರು ಲೂಪ್ ಬರೆದಿದ್ದೆ. ನಕಲು ಮಾಡುವಾಗ ಪೊಟ್ಯಾಷ್ ಲೂಪಿನಲ್ಲಿ ರಂಜಕದ ಹೆಸರೇ ಉಳಿದಿತ್ತು. ರೈತರಿಗೆ ಕೊಡುವ ಮಣ್ಣಿನ ಚೀಟಿಗಳಲ್ಲಿ ಹಾಗೇ ಅಚ್ಚಾಗಿದ್ದರೆ ಅವರು ಬೇಡದ ಗೊಬ್ಬರ ಹಾಕುತ್ತಿದ್ದರು. ಮೇಡಂ ಮೊದಲೇ ಹಿಡಿದರು.

"ಒಂದೇ ಕೆಲಸ ಆರು ಸಲ ಮಾಡಿದ್ರ ಯಾರಾದ್ರೂ ತಪ್ತಾರ. ಲೂಪ್ ಒಂದೇ ಇರ್ಲಿ. ಯಾವ ಫೀಲ್ಡ್ ಅನ್ನೋದನ್ನ ಸಣ್ಣ ಫಂಕ್ಷನ್ ಮಾಡಿ ಆ ಲೂಪಿನ ಕೈಗೆ ಕೊಡು" ಎಂದು ಕೀಬೋರ್ಡನ್ನು ನನ್ನತ್ತ ತಳ್ಳಿದರು.

ನಾನು ಎಲ್ಲ ತಿದ್ದಿ ಬರೆಯುವಷ್ಟರಲ್ಲಿ ಚೀಟಿಗಳು ತಡವಾದವು; ಏಕೆಂದು ಕಚೇರಿಯ ಸಾಹೇಬರು ಎಲ್ಲರೆದುರು ಕೇಳಿದರು. ಮೇಡಂ ಪೆನ್ನಿನ ಮುಚ್ಚಳ ಹಾಕುತ್ತ, "ನನ್ನಿಂದ ತಡ ಆತ್ರೀ ಸರ್" ಎಂದರು.