ಶರಾವತಿಗೆ ಎರಡು ನಾಣ್ಯ

ಎಪ್ಪತ್ತೊಂದರ ಯುದ್ಧದಲ್ಲಿ ಶತ್ರುಗಳ ರೈಲು ಸೇತುವೆಗೆ ಬಾಂಬು ಹಾಕಿದವ ನಾನೇ. ಸುಳ್ಳು, ಆಗ ನಾನು ಕುಮಟೆಯಲ್ಲಿ ಛತ್ರಿ ಮಾರುತ್ತಿದ್ದೆ, ರೈಲನ್ನೇ ಕಂಡವನಲ್ಲ. ಹಾಕಿದವರು ವಾಯುಪಡೆಯ ಹಗುರ ಬಾಂಬರ್ ವಿಮಾನಗಳ ತಂಡದಲ್ಲಿದ್ದ, ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನವರೊಬ್ಬರು. ಒಮ್ಮೆ ಭಟ್ಕಳದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದರು. ಹೊನ್ನಾವರದ ಸೇತುವೆ ಮೇಲೆ ಎಲ್ಲರೂ ಶರಾವತಿ ಹೊಳೆಗೆ ಒಂದೊಂದು ನಾಣ್ಯ ಎಸೆದರೆ ಅವರು ಎರಡು ಎಸೆದರು.

"ಎಂತ ಮಾರಾಯ್ರೆ, ಎರಡನೇದು ಯಾರ ಹೆಸರಿಗೆ?" ಎಂದು ಕೆಣಕಿದೆ.

"ಎಪ್ಪತ್ತೊಂದರಲ್ಲಿ ನಾವು ಬಾಂಬು ಹಾಕಿದ ಸೇತುವೆ ಅಡಿಗೆ ಒಬ್ಬ ಬಲೆ ಬಿಡ್ತಿದ್ದ. ನಾವು ಅಷ್ಟು ಕೆಳಗೆ ಹಾರ್ತಿದ್ವಿ. ನಮ್ಮ ಅಪ್ಪನ ಹಾಗೇ ದೋಣಿಯಲ್ಲಿ ನಿಂತು ತಲೆ ಎತ್ತಿ ನೋಡ್ದ."

"ಗುಂಡಿ ಒತ್ತಿದ್ರಾ?"

"ಸಿಪಾಯಿಗಳ ರೈಲು ಬರೂದಿತ್ತು. ಒತ್ತಿದೆ. ಸೇತುವೆ ಬಿತ್ತು. ಹೊಗೆಯಲ್ಲಿ ದೋಣಿ ಕಾಣಲಿಲ್ಲ."

ಅವರು ಕಾಸರಕೋಡಿನಲ್ಲಿ ಇಳಿದರು. ಅಂದಿನಿಂದ ನಾನೂ ಎರಡು ಎಸೆಯುತ್ತೇನೆ. ಇವತ್ತೂ ಹೊನ್ನಾವರದ ಸೇತುವೆ ದಾಟಿ ಬಂದೆ, ಹಾಗಾಗಿ ಈ ಚಹಾದ ದುಡ್ಡು ನೀವೇ ಕೊಡಬೇಕು.